ಹಿಂದೆ ಜಾಗ ಇದೆ

ಎಲ್ ಪಿರುಲ್ ಊರಲ್ಲ, ಮೂರು ದಾರಿ ಕೂಡುವ ಒಂದು ಜಾಗ. ಅಲ್ಲೊಂದು ದೊಡ್ಡ ಪಿರುಲ್ ಮರ, ಅದರಡಿ ತಗಡಿನ ಚಪ್ಪರ, ಚಪ್ಪರದೊಳಗೆ ಎರಡು ಬೆಂಚು, ಪಕ್ಕದಲ್ಲಿ ಕಾಫಿ ಮತ್ತು ಕಾಳು ತುಂಬಿದ ಜೋಳದ ರೊಟ್ಟಿ ಮಾರುವ ಗೂಡಂಗಡಿ. ಸಾನ್ ಗಾಸ್ಪರ್ ಗಣಿಯ ಕಡೆಯಿಂದ ವ್ಯಾನಿನಲ್ಲಿ ಬಂದವರು ಇಲ್ಲಿ ಇಳಿದು, ಬೆಟ್ಟದಾಚೆಯ ಪೆನ್ಯಾ ಪ್ರಿಯೆತಾಗೆ ಹೋಗುವ ಬಸ್ಸು ಹತ್ತಬೇಕು. ನಡುವೆ ಒಂದು ಹಳ್ಳ, ಹಳ್ಳ ದಾಟಿದ ಮೇಲೆ ಸುರಂಗ, ಸುರಂಗ ದಾಟಿದರೆ ಊರು.

ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಗಣಿಗಳು ಒಂದೊಂದಾಗಿ ಮುಚ್ಚಿದರೂ ಈ ಊರುಗಳ ಹೆಂಗಸರು ಹೊಲಿಗೆ ಬಿಟ್ಟಿಲ್ಲ. ಹಾಗಾಗಿ ನನ್ನ ಆಯುಸ್ಸಿನ ಅರ್ಧ ಇಂಥ ಚಪ್ಪರಗಳಲ್ಲಿ ಕಾಯುತ್ತಲೇ ಕಳೆದಿದೆ. ಆ ದಿನ ಊಟದ ಹೊತ್ತಿಗೇ ಆಕಾಶ ಕಪ್ಪಿಟ್ಟು ಮಳೆ ಶುರುವಾಯಿತು. ತಗಡಿನ ಮೇಲೆ ಅದರ ಸದ್ದು ಎಷ್ಟಿತ್ತೆಂದರೆ ಪಕ್ಕದವರ ಮಾತು ಕೇಳಲು ಬಗ್ಗಬೇಕಿತ್ತು. ಹಳ್ಳ ರಸ್ತೆಯ ಮೇಲೆ ಬಂತು. ಡ್ರೈವರ್ ಎವೋದಿಯೋ ಬಸ್ಸನ್ನು ಮರದಡಿ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ನಮ್ಮ ಜೊತೆ ಬಂದು ಕುಳಿತ.

"ಏನಪ್ಪಾ ಎವೋದಿಯೋ, ನಿನ್ನ ಬಸ್ಸಿಗೆ ಕಾಲು ಒದ್ದೆ ಆದ್ರೆ ಶೀತ ಆಗುತ್ತಾ?" ಎಂದು ಕೆಣಕಿದಳು ಲುದಿವಿನಾ. ದಪ್ಪ ಹೆಂಗಸು. ಬುಟ್ಟಿಯಲ್ಲಿ ಎರಡು ಕೋಳಿ ಇಟ್ಟುಕೊಂಡು ಮಗಳ ಬಾಣಂತನಕ್ಕೆ ಹೊರಟಿದ್ದಳು.

"ಹೋದ ವರ್ಷ ಇದೇ ಹಳ್ಳ ಒಂದು ಲಾರಿ ನುಂಗಿತು, ಅಕ್ಕಾ. ನಿನ್ನ ಕೋಳಿಗೆ ಈಜು ಬರೋದಾದ್ರೆ ಮೊದ್ಲು ಅವನ್ನ ಕಳ್ಸು, ನಾನು ಹಿಂದೆ ಬರ್ತೀನಿ."

ಲುದಿವಿನಾ ನಗುತ್ತಾ ಬುಟ್ಟಿ ಇಡಲು ಜಾಗ ಹುಡುಕಿದಳು. ಎದುರಿನ ಬೆಂಚಿನ ತುದಿಯಲ್ಲಿ ಒಬ್ಬ ಮುದುಕಿ ಕಪ್ಪು ಶಾಲು ಹೊದ್ದು ಕುಳಿತಿದ್ದಳು. ಆಕೆಯ ಪಕ್ಕದ ಜಾಗದಲ್ಲಿ ಮಡಿಸಿಟ್ಟ ಗಂಡಸಿನ ಅಂಗಿ. ಒಗೆದು ಒಗೆದು ಬಣ್ಣ ಹೋದದ್ದು. ಲುದಿವಿನಾ ಅದನ್ನು ಸರಿಸಲು ಕೈ ಚಾಚಿದ್ದೇ ಎವೋದಿಯೋ ತಟ್ಟನೆ ಎದ್ದು ನಿಂತ.

"ಅಕ್ಕಾ, ಅದನ್ನ ಮುಟ್ಬೇಡ. ತೆಯೋಫಿಲಾ ಅಜ್ಜಿದು."

"ಮುಟ್ಲಿ ಬಿಡೋ, ಈಗ ಅದ್ರಲ್ಲಿ ಯಾರೂ ಇಲ್ಲ," ಎಂದಳು ಮುದುಕಿ. "ಆದ್ರೂ ಕೋಳಿ ಇಡ್ಬೇಡಮ್ಮಾ. ಅದು ಸೀಟು ಹಿಡಿಯೋ ಅಂಗಿ."

ಯಾರಿಗೆ ಸೀಟು ಎಂದು ಲುದಿವಿನಾ ಕೇಳಿದಳು. ಎವೋದಿಯೋ ಬೇಡವೆಂದು ಕಣ್ಸನ್ನೆ ಮಾಡಿದರೂ ಆಕೆ ಕೇಳಿದಳು. ಮಳೆ ನಿಲ್ಲುವ ಲಕ್ಷಣ ಇರಲಿಲ್ಲ. ಅಂಗಡಿಯವನು ಕಾಫಿಯ ಪಾತ್ರೆಯನ್ನು ಒಲೆಯಿಂದಿಳಿಸಿ ನಮ್ಮ ಕಡೆಗೇ ತಂದಿಟ್ಟುಕೊಂಡ. ತೆಯೋಫಿಲಜ್ಜಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು.

"ನನ್ನ ಗಂಡಂಗಮ್ಮಾ. ಗಾಬಿನೋ ಅರ್ರಿಯಾಗಾ ಅಂತ. ನಮ್ಮೂರ ಗಣಿ ನಾನು ಮದುವೆಯಾಗಿ ಬರೋ ಹೊತ್ತಿಗಾಗ್ಲೇ ನಿಂತುಹೋಗಿತ್ತು, ಗಂಡಸ್ರೆಲ್ಲಾ ಸಾನ್ ಗಾಸ್ಪರ್‌ಗೆ ದುಡಿಯೋಕೆ ಹೋಗೋರು, ಶನಿವಾರ ಬರೋರು, ಸೋಮವಾರ ಕೋಳಿ ಕೂಗೋಕ್ ಮುಂಚೆ ಹೊರಡೋರು. ನನ್ನ ಗಂಡ ಬಸ್ಸಲ್ಲೇ ನಿದ್ದೆ ಮುಗಿಸ್ಕೊಂಡು ಬರೋನು ಕಣ್ರಪ್ಪಾ... ಪಕ್ಕದಲ್ಲಿ ಯಾರೇ ಕೂತಿರ್ಲಿ, ಪಾದ್ರಿಗಳೇ ಕೂತಿರ್ಲಿ, ಅವರ ಹೆಗಲ ಮೇಲೆ ತಲೆ ಇಟ್ಬಿಡೋನು. ನಾನು ಜೊತೇಲಿದ್ರೆ ನನ್ನ ಹೆಗಲು. ಆ ಭಾರ ಈಗ್ಲೂ ಗೊತ್ತು ನಂಗೆ. ಬಲಗಡೆ ಹೆಗಲು, ಇಲ್ಲಿ.

"ಒಂದಿನ ಗಣೀಲಿ ಮೇಲಿನ ಬಂಡೆ ಬಿತ್ತು. ಹೆಣ ಲಾರೀಲಿ ಬಂತು. ಹೂತ್ವಿ, ಒಂಬತ್ತು ದಿನ ಜಪಮಾಲೆ ಹಿಡಿದು ಪ್ರಾರ್ಥನೆ ಮಾಡಿದ್ವಿ, ಬಂದೋರಿಗೆ ಕಾಫಿ ರೊಟ್ಟಿ ಕೊಟ್ವಿ, ಎಲ್ಲಾ ಆಯ್ತು. ಆದ್ರೆ ನಮ್ಮ ನಾಯಿ ಗೋರಿ ಹತ್ರ ಒಂದ್ಸಲನೂ ಹೋಗ್ಲಿಲ್ಲ. ಶನಿವಾರ ಬಂತು ಅಂದ್ರೆ ಬಸ್ ನಿಲ್ಲೋ ಕಡೆ ಹೋಗಿ ಕೂತ್ಕೊಳ್ತಿತ್ತು. ನಮ್ಮತ್ತೆ ಪ್ರುದೆನ್ಸಿಯಾ ಅಂತ, ಬಾಯಿ ಅಂದ್ರೆ ಬಾಯಿ ಆಕೆದು, 'ನೋಡೇ, ಈ ನಾಯಿಗಿರೋ ತಿಳಿವಳಿಕೆ ನಿನಗಿಲ್ಲ. ಬಂದಿದ್ದು ಬರೀ ಮೈ. ನನ್ನ ಮಗ ಇನ್ನೂ ಅಲ್ಲೇ ಬಂಡೆ ಕೆಳಗೆ ಕತ್ತಲಲ್ಲಿ ಕೂತಿದ್ದಾನೆ. ಹೋಗಿ ಕರ್ಕೊಂಡು ಬಾ' ಅಂದ್ರು.

"ಹೆಂಗೆ ಕರ್ಕೊಂಡು ಬರ್ತಾರೆ, ನಿಮಗೆಲ್ಲಾ ಗೊತ್ತಲ್ಲ? ಬಿದ್ದ ಜಾಗಕ್ಕೆ ಅವನು ಉಟ್ಟ ಬಟ್ಟೆ ತಗೊಂಡು ಹೋಗ್ಬೇಕು. ಆ ಬಟ್ಟೇಲಿ ನೆಲ ತಟ್ಟಿ ತಟ್ಟಿ ಹೆಸರು ಹಿಡಿದು ಕರೀಬೇಕು. ಅವನ ನೆರಳು, ಅಂದ್ರೆ ಆತ್ಮ, ಬಟ್ಟೆಗೆ ಹತ್ಕೊಂಡ ಮೇಲೆ ದಾರಿ ಉದ್ದಕ್ಕೂ ಮಾತಾಡ್ಸ್ತಾ ತರ್ಬೇಕು. ವ್ಯಾನ್ ಹತ್ತುವಾಗ 'ಹತ್ತು' ಅನ್ಬೇಕು, ಇಳಿಯುವಾಗ 'ಇಳಿ' ಅನ್ಬೇಕು. ಪಾಪ, ಸತ್ತೋರಿಗೆ ದಾರಿ ಮರೆತು ಹೋಗಿರುತ್ತೆ. ಒಂದು ಕಡೆ ಹೇಳೋದು ಬಿಟ್ರೆ ಅಲ್ಲೇ ನಿಂತುಬಿಡ್ತಾರೆ... ಯಾವ ಬಸ್ಸಿಗೆ ಹತ್ಬೇಕು ಅಂತ ಗೊತ್ತಾಗದೆ."

ಲುದಿವಿನಾ ಶಿಲುಬೆಯ ಗುರುತು ಮಾಡಿಕೊಂಡಳು. ತನ್ನ ತಾಯಿ ತನ್ನ ಅಣ್ಣನನ್ನು ಹೀಗೆಯೇ ಸೇತುವೆಯ ಹತ್ತಿರದಿಂದ ಕರೆತಂದದ್ದು ಆಕೆಗೆ ನೆನಪಿತ್ತು. ಹಾಗೆಂದು ಹೇಳಿದಳು ಕೂಡ. ಅಜ್ಜಿ ತಲೆಯಾಡಿಸಿದಳು.

"ನಾನು ಹೋದೆ. ಇವನ ಜೊತೆ ದುಡೀತಿದ್ದ ಒಬ್ಬ ನನ್ನನ್ನ ಗಣಿ ಒಳಗೆ ಕರ್ಕೊಂಡು ಹೋಗಿ ಜಾಗ ತೋರ್ಸಿ, 'ಅಕ್ಕಾ, ಬೇಗ' ಅಂದು ಗೋಡೆ ಕಡೆ ತಿರುಗಿ ನಿಂತ. ನಾನು ನೆಲ ತಟ್ದೆ. ಗಾಬಿನೋ, ಏಳು, ಮನೆಗೆ ಹೋಗೋಣ, ನಿಮ್ಮಮ್ಮ ಬೈತಾ ಇದಾರೆ ಅಂದೆ... ಅಂಗಿ ಭಾರ ಆಯ್ತು. ನಂಬಿದ್ರೆ ನಂಬಿ ಬಿಟ್ರೆ ಬಿಡಿ. ಒಗೆದು ನೀರು ಹಿಂಡದೇ ಇರೋ ಬಟ್ಟೆ ಇರುತ್ತಲ್ಲ, ಅಷ್ಟು ಭಾರ. ಆದ್ರೆ ಬೆಚ್ಚಗಿತ್ತು.

"ಅಲ್ಲಿಂದ ಕೆಳಗಿನ ರಸ್ತೆ ತನಕ ಒಂದು ಪಿಕಪ್ಪಿನ ಹಿಂದೆ ಮೇಕೆಗಳ ಜೊತೆ ಬಂದ್ವಿ. ಮೇಕೆಗಳು ಒಂದು ಮೂಲೆ ಬಿಟ್ಟುಕೊಟ್ಟು ಗುಂಪು ಕಟ್ಕೊಂಡು ನಿಂತ್ವು. ಆಮೇಲೆ ವ್ಯಾನು. ವ್ಯಾನಿನಲ್ಲಿ ಕಾಲಿಡೋಕೆ ಜಾಗ ಇಲ್ಲ. ಅಂಗಿ ಇಟ್ಟ ಸೀಟು ನೋಡಿ ಒಬ್ಬ ದಢೂತಿ ಮನುಷ್ಯ, 'ಏನಮ್ಮಾ, ನಿನ್ನ ಅಂಗಿಗೆ ಕಾಲು ನೋವಾ?' ಅಂತ ಜಗಳಕ್ಕೆ ಬಂದ. ನನ್ನ ಗಂಡನ್ನ ಮನೆಗೆ ಕರ್ಕೊಂಡು ಹೋಗ್ತಿದೀನಿ ಅಂದೆ. ಪಾಪ, ಟೋಪಿ ತೆಗೆದು, ಕತ್ತು ಬಗ್ಗಿಸ್ಕೊಂಡು ಇಲ್ಲಿ ತನಕ ನಿಂತೇ ಬಂದ. ಇಳಿಯುವಾಗ ಅಂಗಿಗೆ 'ಹೋಗ್ಬನ್ನಿ ಯಜಮಾನ್ರೇ' ಅಂತನೂ ಅಂದ.

"ನಗು ಬರುತ್ತಾ? ನನಗೂ ಆವತ್ತು ನಗು ಬಂದಿತ್ತು. ನಿಜ ಹೇಳ್ತೀನಿ, ಆ ಪ್ರಯಾಣದಲ್ಲಿ ನಾನು ಸಂತೋಷವಾಗಿದ್ದೆ. ಬದುಕಿದ್ದಾಗ ಒಂದು ಮಾತು ಕೇಳಿಸ್ಕೊಳ್ಳದೆ ಗೊರಕೆ ಹೊಡೆಯೋ ಗಂಡಸು, ಆವತ್ತು ನಾನು ಹೇಳಿದ್ದನ್ನೆಲ್ಲಾ ಕೇಳ್ತಾ ಬಂದ. ಹಂದಿ ಮರಿ ಹಾಕಿದ್ದು, ಮಾಡು ಸೋರ್ತಿರೋದು, ಅವನ ತಂಗಿ ಓಡಿಹೋಗಿದ್ದು... ಎಲ್ಲಾ ಹೇಳ್ದೆ. ಇದೇ ಎಲ್ ಪಿರುಲ್‌ನಲ್ಲಿ ಇಳಿ ಗಾಬಿನೋ ಅಂದೆ, ಇದೇ ಬಸ್ಸಿಗೆ ಹತ್ತು ಅಂದೆ. ಬಸ್ಸಲ್ಲಿ ಐದಾರು ಜನ ಇದ್ರು ಅಷ್ಟೇ. ನಾನು ಕಿಟಕಿ ಕಡೆ, ಅಂಗಿ ನನ್ನ ಬಲಕ್ಕೆ. ಹಳ್ಳ ದಾಟೋ ಹೊತ್ತಿಗೆ ನನ್ನ ಈ ಹೆಗಲ ಮೇಲೆ ಮೆಲ್ಲಗೆ ಭಾರ ಬಂತು. ತಲೆ ಇಟ್ಟ. ಮಲ್ಕೋ, ಊರು ಬಂದಾಗ ಎಬ್ಬಿಸ್ತೀನಿ ಅಂದೆ."

ಎವೋದಿಯೋ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ, ಹಳ್ಳ ಇಳಿಯಿತೇ ನೋಡಿ ಬರುವೆನೆಂದು ಮಳೆಯಲ್ಲೇ ಹೊರಟ. ಹೋಗಿ ನೋಡುವಂಥದ್ದು ಏನೂ ಇರಲಿಲ್ಲ. ಹಳ್ಳದ ಸದ್ದು ಕುಳಿತಲ್ಲಿಗೇ ಕೇಳುತ್ತಿತ್ತು.

"ಅವನಿಗೆ ಈ ಕತೆ ಇಷ್ಟ ಇಲ್ಲ," ಎಂದಳು ಅಜ್ಜಿ. "ದಿನಾ ಸುರಂಗದಲ್ಲಿ ಓಡಾಡ್ಬೇಕಲ್ಲ, ಪಾಪ.

"ಸುರಂಗದ ವಿಷ್ಯ ಸ್ವಲ್ಪ ಹೇಳ್ತೀನಿ. ಅದು ಬಸ್ಸಿಗೆ ಅಂತ ಕೊರೆದಿದ್ದಲ್ಲ, ಅದಿರು ಸಾಗಿಸೋಕೆ ಕೊರೆದಿದ್ದು. ಒಂದೇ ಗಾಡಿ ಹೋಗೋವಷ್ಟು ಅಗಲ. ಮಧ್ಯದಲ್ಲಿ ಒಂದು ಕಡೆ ಸ್ವಲ್ಪ ಅಗಲ ಇದೆ ನೋಡಿ, ಎದುರಿಂದ ಗಾಡಿ ಬಂದ್ರೆ ನಮ್ಮ ಬಸ್ಸು ಅಲ್ಲಿ ಒತ್ತಿಕೊಂಡು ನಿಲ್ಲುತ್ತೆ. ಅಲ್ಲೇ ಗೋಡೇಲಿ ಕಲ್ಲು ಕಟ್ಟಿ ಮುಚ್ಚಿದ ಬಾಗಿಲಿನಂಥದ್ದು ಇದ್ಯಲ್ಲ? ಅದು ನಮ್ಮೂರ ಹಳೇ ಗಣಿ ಬಾಯಿ. ನಮ್ಮಜ್ಜನ ಕಾಲದಲ್ಲಿ ಒಳಗೆ ನೀರು ನುಗ್ಗಿತಂತೆ. ಒಂದು ಪಾಳಿ ಪೂರ್ತಿ ಒಳಗಿದ್ರು. ಇನ್ನು ಯಾರೂ ಉಳಿದಿರಲ್ಲ ಅಂತ ಮೇಲಿನವರು ಮೂರೇ ದಿನಕ್ಕೆ ಬಾಯಿಗೆ ಕಲ್ಲು ಕಟ್ಸಿಬಿಟ್ರು. ಕಟ್ಟಿದ ಮೇಸ್ತ್ರಿ ಆಮೇಲೆ ಕುಡಿದಾಗೆಲ್ಲಾ ಅಳ್ತಿದ್ನಂತೆ... ಒಳಗಿಂದ ಯಾರೋ ತಟ್ತಾ ಇದ್ರು ಅಂತ.

"ಆ ಕಾಲದಿಂದ್ಲೂ ನಮ್ಮೋರು ಸುರಂಗದ ಒಳಗೆ ಬಸ್ ಬಾಗ್ಲು ತೆಗೆಯಲ್ಲ. ಯಾಕೆ ಅಂತ ಯಾರೂ ಹೇಳಿಕೊಡ್ಲಿಲ್ಲ, ಯಾರೂ ಕೇಳ್ಲೂ ಇಲ್ಲ. ಆವತ್ತು ಬಸ್ ಓಡಿಸ್ತಿದ್ದೋನು ನಾಬೋರ್. ಒಳ್ಳೇ ಮನುಷ್ಯ, ಆದ್ರೆ ಬಾಯಿಗೆ ಬೀಗ ಇಲ್ಲ. ಬಸ್ಸಿಗೆ ಜನ ತುಂಬಿಸೋದ್ರಲ್ಲಿ ಎತ್ತಿದ ಕೈ. ನಿಲ್ಲಿಸಿದ ಕಡೆಯೆಲ್ಲಾ ಬಾಗ್ಲು ಎಳೆದು, 'ಹತ್ತಿ, ಹತ್ತಿ, ಹಿಂದೆ ಜಾಗ ಇದೆ! ಒಳಗೆ ಹೋಗಿ, ಹಿಂದೆ ಖಾಲಿ ಇದೆ!' ಅಂತ ಕೂಗೋನು. ಹಿಂದೆ ಇರುವೆ ನಿಲ್ಲೋಕೂ ಜಾಗ ಇರ್ತಿರ್ಲಿಲ್ಲ, ಅದು ಬೇರೆ ಮಾತು. ಪೂಜೆ ಹೊತ್ತಲ್ಲಿ ಚರ್ಚ್ ಬಾಗ್ಲಲ್ಲಿ ನಿಂತು ಒಂದ್ಸಲ ಹಂಗೇ ಕೂಗಿ ಪಾದ್ರಿಗಳ ಕೈಲಿ ಬೈಸ್ಕೊಂಡಿದ್ದ."

ಲುದಿವಿನಾ ನಗಲು ಹೋದವಳು ಅರ್ಧಕ್ಕೇ ನಿಂತಳು. ಮುಂದೇನಾಯಿತೆಂದು ಅವಳಿಗೆ ಹೊಳೆದಿರಬೇಕು.

"ಹೂಂ... ಗೊತ್ತಾಯ್ತಲ್ಲ? ಸುರಂಗದ ಮಧ್ಯಕ್ಕೆ ಬಂದ್ವಿ. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಬಸ್ಸಿನ ಮಿಣುಕು ದೀಪ ಬಿಟ್ರೆ ಕಣ್ಣಿಗೆ ಬೆರಳಿಟ್ರೂ ಕಾಣಲ್ಲ. ಎದುರಿಂದ ಒಂದು ಲಾರಿ ಬಂತು. ನಾಬೋರ್ ಬಸ್ ಒತ್ತಿ ನಿಲ್ಸಿ ಇಂಜಿನ್ ಆಫ್ ಮಾಡ್ದ. ಲಾರಿ ದಾಟಿ ಹೋಯ್ತು. ಹೋದ ಮೇಲೆ ಒಂದು ನಿಶ್ಶಬ್ದ ಇರುತ್ತಲ್ಲ, ಮೇಲಿಂದ ನೀರು ತೊಟ್ಟಿಕ್ಕೋದು ಮಾತ್ರ ಕೇಳ್ತಾ ಇತ್ತು. ಆಗ ಬಸ್ಸಿನ ತಗಡಿಗೆ ಯಾರೋ ಎರಡು ಸಲ ತಟ್ಟಿದ್ರು. ಟಪ್, ಟಪ್. ರಸ್ತೇಲಿ ಬಸ್ ನಿಲ್ಲಿಸೋರು ತಟ್ತಾರಲ್ಲ, ಹಂಗೇ.

"ನಾಬೋರನ ಕೈ ತಾನಾಗೇ ಬಾಗಿಲಿಗೆ ಹೋಯ್ತು. ಬಾಯಿನೂ ತಾನಾಗೇ ತೆಗೀತು. 'ಹತ್ತಿ, ಹತ್ತಿ, ಹಿಂದೆ ಜಾಗ ಇದೆ!'

"ಅಂದ ಮೇಲೆ ಅವನಿಗೇ ಗೊತ್ತಾಯ್ತು. ಕನ್ನಡೀಲಿ ಅವನ ಮುಖ ನೋಡ್ದೆ ನಾನು. ಆದ್ರೆ ಕರೆದಾಗಿತ್ತು. ಕರೆದೋರನ್ನ ಬೇಡ ಅನ್ನೋಕಾಗುತ್ತಾ? ಮೆಟ್ಟಿಲು ಕಿರ್ ಅಂತು. ಯಾರೂ ಕಾಣಲ್ಲ. ಬಸ್ಸು ಒಂದು ಕಡೆಗೆ ವಾಲಿತು, ದಪ್ಪ ಮನುಷ್ಯ ಹತ್ತಿದಾಗ ವಾಲುತ್ತಲ್ಲ ಹಾಗೆ. ಮತ್ತೆ ಕಿರ್ ಅಂತು, ಮತ್ತೆ ವಾಲಿತು. ಹತ್ತಿದ್ರು, ಹತ್ತಿದ್ರು, ಹತ್ತುತ್ತಾನೇ ಇದ್ರು... ನೂಕಾಟ ಇಲ್ಲ, ಗಲಾಟೆ ಇಲ್ಲ, ಪಾಳಿ ಮುಗಿಸಿ ದಣಿದು ಬಂದೋರ ಹಾಗೆ ಒಬ್ಬರ ಹಿಂದೆ ಒಬ್ರು. ಒದ್ದೆ ಕಲ್ಲಿನ ವಾಸನೆ. ಅದ್ರ ಜೊತೆ ಕಾರ್ಬೈಡ್ ದೀಪದ ವಾಸನೆ, ಕೊಳೆತ ಬೆಳ್ಳುಳ್ಳಿ ಥರ ಮೂಗಿಗೆ ಹೊಡೀತು. ನನ್ನ ಗಂಡನ ಕಾಲಕ್ಕೆ ಆ ದೀಪ ಯಾರು ಇಟ್ಕೊಂಡಿದ್ರು? ಎಲ್ಲರ ಹಣೆ ಮೇಲೂ ಬ್ಯಾಟರಿ ದೀಪ ಬಂದಿತ್ತು. ಆ ವಾಸನೆ ನಾನು ಚಿಕ್ಕೋಳಿದ್ದಾಗ ನಮ್ಮಜ್ಜನ ಮೈಯಲ್ಲಿ ಮೂಸಿದ್ದೆ ಅಷ್ಟೇ.

"ಖಾಲಿ ಬಸ್ಸಲ್ಲಿ ನನಗೆ ಉಸಿರಾಡೋಕೆ ಜಾಗ ಇಲ್ಲ. ಮುಂದಿನ ಸೀಟಲ್ಲಿ ಒಬ್ಬ ಹೆಂಗಸು ಮಗೂನ ಶಾಲಲ್ಲಿ ಮುಚ್ಕೊಂಡು ಬಗ್ಗಿ ಕೂತಿದ್ಲು. ಹಿಂದಿಂದ ಯಾರೋ ನನ್ನ ಸೀಟಿನ ಕಂಬಿ ಹಿಡ್ಕೊಂಡ್ರು. ಪಕ್ಕದಲ್ಲಿ ಯಾರೋ ಬಗ್ಗಿದ್ರು. ಆ ಉಸಿರು ತಣ್ಣಗೆ, ಇಲ್ಲಿ, ಕಿವಿ ಹತ್ರ. ನನ್ನ ಹೆಗಲ ಮೇಲಿನ ಭಾರ ಸರೀತು. ನಿದ್ದೇಲಿದ್ದೋನನ್ನ ಎಬ್ಬಿಸಿ ಆಚೆ ಸರಿಸಿದ ಹಾಗೆ... ಮೆಲ್ಲಗೆ, ಮೆಲ್ಲಗೆ.

"ಆಗ ನಾನು ಕೂಗ್ದೆ. ಎಲ್ಲಿ ಗಾಬರಿ ಆದ್ರೂ ಹೆಸರು ಹಿಡಿದು ಕೂಗು ಅಂತ ಅತ್ತೆ ಹೇಳಿ ಕಳ್ಸಿದ್ರು. 'ಗಾಬಿನೋ ಅರ್ರಿಯಾಗಾ!' ಅಂತ ಗಂಟಲು ಹರ್ಕೊಂಡು ಕೂಗ್ದೆ."

ತೆಯೋಫಿಲಜ್ಜಿ ಲೋಟವನ್ನು ಕೆಳಗಿಟ್ಟಳು. ಮಳೆ ಸ್ವಲ್ಪ ಸಣ್ಣದಾಗಿತ್ತು.

"'ಇದೀನಿ' ಅಂತ ಬಾಗ್ಲ ಹತ್ರದಿಂದ ಒಂದು ದನಿ. 'ಇದೀನಿ' ಅಂತ ಹಿಂದಿನ ಸೀಟಿಂದ. 'ಇದೀನಿ' ಅಂತ ನನ್ನ ಕಾಲ ಹತ್ರ ನೆಲದಿಂದ. ಬಸ್ ತುಂಬಾ, ಆ ತುದಿಯಿಂದ ಈ ತುದಿಗೆ, ಇದೀನಿ, ಇದೀನಿ, ಇದೀನಿ... ಗಣಿ ಬಾಯಲ್ಲಿ ಮೇಸ್ತ್ರಿ ಹಾಜರಿ ಕರೆದಾಗ ಹೇಳ್ತಾರಲ್ಲ, ಹಂಗೆ. ಎಲ್ಲಾ ದನೀಲೂ ನೀರು. ಬಾಯಲ್ಲಿ ನೀರು ತುಂಬ್ಕೊಂಡು ಮಾತಾಡಿದ್ರೆ ಹೆಂಗಿರುತ್ತೆ? ಅದ್ರಲ್ಲಿ ನನ್ನ ಗಂಡಂದು ಯಾವುದು ಅಂತ ನಾನು ಹೇಗೆ ಹೇಳ್ಲಿ? ಅವರಿಗೆ ತಮ್ಮ ಹೆಸ್ರು ನೆನಪಿತ್ತೋ ಇಲ್ವೋ, ಪಾಪ. ಯಾರೋ ಯಾರನ್ನೋ ಮನೆಗೆ ಕರೀತಿದಾರೆ, ಅಷ್ಟು ಕೇಳಿಸ್ತು. ಅಷ್ಟು ವರ್ಷ ಅವರನ್ನ ಒಬ್ರಾದ್ರೂ ಕರೆದಿದ್ರಾ?

"ನಾಬೋರ್ ಇಂಜಿನ್ ಶುರು ಮಾಡ್ದ. ಬಾಗ್ಲು ಹಾಕಿದ್ದೇ ಬಸ್ ಹಾರಿಸ್ದ. ಹೊರಟ ತಕ್ಷಣ ಹಿಂದಿನ ತಗಡಿಗೆ ಹೊರಗಿಂದ ಯಾರೋ ತಟ್ಟಿದ್ರು. ಟಪ್, ಟಪ್. ಬಸ್ ತಪ್ಪಿಸಿಕೊಂಡೋರು ಓಡ್ತಾ ಓಡ್ತಾ ತಟ್ತಾರಲ್ಲ... ಸ್ವಲ್ಪ ದೂರ ತಟ್ಕೊಂಡೇ ಬಂದ್ರು. ನಿಲ್ಸಪ್ಪಾ ಅಂದೆ ನಾನು. ಯಾಕಂದೆ ಅಂತ ನನಗೇ ಗೊತ್ತಿಲ್ಲ. ನಾಬೋರ್ ನಿಲ್ಲಿಸ್ತಾನಾ? ಅಳ್ತಾ ಓಡಿಸ್ತಿದ್ದ.

"ಬೆಳಕಿಗೆ ಬಂದ್ವಿ. ಬಸ್ಸಲ್ಲಿ ಯಾರೂ ಇಲ್ಲ. ಸೀಟೆಲ್ಲಾ ಒದ್ದೆ, ನೆಲದಲ್ಲಿ ಕೆಂಪು ಕೆಸರು. ಎಲ್ರೂ ಬಿಸಿಲಿಗೆ ಕರಗಿಹೋದ್ರು, ಒಬ್ಬ ಮಾತ್ರ ಕರಗ್ಲಿಲ್ಲ. ನನ್ನ ಪಕ್ಕದಲ್ಲಿ ಅಂಗಿ ಭಾರವಾಗೇ ಇತ್ತು. ಅಪ್ಪಾ ದೇವ್ರೇ, ನನ್ನ ಗಾಬಿನೋ ಉಳ್ಕೊಂಡ ಅಂತ ತಬ್ಕೊಂಡೆ. ತಣ್ಣಗಿತ್ತು. ಭಯಕ್ಕೆ ನನ್ನ ಕೈಯೇ ತಣ್ಣಗಾಗಿದೆ ಅಂದ್ಕೊಂಡೆ. ಇಳಿ ಅಂದೆ, ಇಳಿದ. ಬಾ ಅಂದೆ, ಬಂದ. ಬಸ್ ನಿಲ್ಲೋ ಕಡೆ ನಮ್ಮ ನಾಯಿ ಕಾಯ್ತಾ ಇತ್ತು. ನಮ್ಮನ್ನ ನೋಡಿದ್ದೇ ಬಾಲ ಕಾಲ ಸಂದಿ ಇಟ್ಕೊಂಡು ಓಡಿಹೋಯ್ತು. ಅದನ್ನ ಮತ್ತೆ ನಾನು ನೋಡ್ಲಿಲ್ಲ.

"ಅತ್ತೆ ಒಲೆ ಮುಂದೆ ಮಣೆ ಹಾಕಿದ್ರು. ಅಂಗಿ ಇಟ್ಟೆ. ಅತ್ತೆ ಬಗ್ಗಿ ಅದನ್ನ ಮೂಸಿದ್ರು. ಸುಮ್ನೆ ನೋಡ್ತಾ ಕೂತ್ರು. ಆಮೇಲೆ, 'ತೆಯೋಫಿಲಾ, ಇವನಲ್ಲ' ಅಂದ್ರು.

"ನಾನು ಒಪ್ಲಿಲ್ಲ. ವಯಸ್ಸಾಗಿದೆ, ನಿಮಗೆ ಮೂಗು ಸರಿಯಿಲ್ಲ ಅಂದೆ. ಎರಡು ದಿನ ಜಗಳ ಆಡ್ದೆ. ಆದ್ರೆ ಒದ್ದೆ ಹೆಜ್ಜೆ ಬೆಳಿಗ್ಗೆ ಬೆಳಿಗ್ಗೆ ಮನೆ ತುಂಬಾ ಓಡಾಡೋದು, ಹಾಸಿಗೆ ಕಡೆ ಬರ್ತಿರ್ಲಿಲ್ಲ. ಗೋಡೆ ತನಕ ಹೋಗಿ ನಿಲ್ಲೋದು. ಅಲ್ಲೊಂದು ಬಾಗ್ಲಿತ್ತು ಅನ್ನೋ ಹಾಗೆ, ಹುಡುಕೋ ಹಾಗೆ. ಅವನ ಮನೇಲಿ ಅಲ್ಲಿ ಬಾಗ್ಲಿತ್ತೋ ಏನೋ. ಒಂದಿನ ನಾನು ರೊಟ್ಟಿ ತಟ್ತಾ ಕೂತಿದ್ದಾಗ ಬೆನ್ನ ಹಿಂದೆ, ಆ ನೀರಿನ ದನೀಲಿ, 'ಬ್ರಿಹಿದಾ, ಮಕ್ಕಳೆಲ್ಲಿ?' ಅಂತ ಕೇಳಿತು. ಬ್ರಿಹಿದಾ ಯಾರು? ಅವನ ಹೆಂಡ್ತಿ ಇರ್ಬೇಕು, ಸತ್ತು ಯಾವ ಕಾಲ ಆಯ್ತೋ. ಆವತ್ತು ನನಗೆ ಗೊತ್ತಾಯ್ತು... ಬಸ್ಸಿನ ಹಿಂದೆ ಓಡ್ತಾ ತಗಡು ತಟ್ಟಿದ್ದು ಯಾರು ಅಂತ."

ಆಕೆಯ ದನಿ ಮೊದಲ ಸಲ ಮುರಿಯಿತು. ಲುದಿವಿನಾ ಎದ್ದು ಹೋಗಿ ಆಕೆಯ ಕೈ ಹಿಡಿದುಕೊಂಡಳು. ನನಗೆ ಅಲ್ಲಿಂದ ಎದ್ದು ಹೋಗಲು ಮನಸ್ಸಾಗಲಿಲ್ಲ.

"ನನ್ನ ಗಂಡನ್ನ ಬಂಡೆ ಕೆಳಗಿಂದ ಎಬ್ಬಿಸಿ, ಅರ್ಧ ದಾರಿ ಕರ್ಕೊಂಡು ಬಂದು, ಆ ಕತ್ತಲಲ್ಲಿ ಬಿಟ್ಟು ಬಂದ್ವಲ್ಲಮ್ಮಾ. ಬಿದ್ದಲ್ಲೇ ಬಿಟ್ಟಿದ್ರೂ ಚೆನ್ನಾಗಿತ್ತು, ಅಲ್ಲಿ ಅವನ ಜೊತೆಯವರಾದ್ರೂ ಇದ್ರು. ಅತ್ತೆ ಅಂದ್ರು, ಈ ಪುಣ್ಯಾತ್ಮನ್ನ ವಾಪಸ್ ಬಿಟ್ಟು ಬಾ, ನನ್ನ ಮಗನ್ನ ಕರ್ಕೊಂಡು ಬಾ ಅಂತ. ಹೋದೆ. ಸುರಂಗದಲ್ಲಿ ನಿಂತಾಗ ಇಳಿ ಅಂದೆ, ಕೈ ಮುಗಿದೆ. ಇಳೀತಾನಾ? ಅಷ್ಟು ವರ್ಷ ಕಾದು ಸೀಟು ಸಿಕ್ಕಿರೋನು ಯಾರಾದ್ರೂ ಇಳೀತಾರಾ? ಗಾಬಿನೋ, ಹತ್ತು ಅಂತ ಕೂಗ್ದೆ. ಇದೀನಿ ಇದೀನಿ ಅಂತ ಎಲ್ಲರೂ ಅಂದ್ರು. ಒಬ್ಬ ಹತ್ತಿ ಬಂದು ಮಡಿಲಲ್ಲಿದ್ದ ಶಾಲಿಗೆ ಸೇರ್ಕೊಂಡ. ಅವನನ್ನೂ ಮನೆಗೆ ತಂದೆ. ಅತ್ತೆ ಮೂಸಿ, 'ಇವನೂ ಅಲ್ಲ' ಅಂದ್ರು.

"ಅವತ್ತಿಂದ ಹೋಗ್ತಾನೇ ಇದೀನಿ. ಮಳೆಗಾಲದಲ್ಲಿ ಅವರು ಬಾಗ್ಲ ಹತ್ರ ಬಂದಿರ್ತಾರೆ, ಒಳಗೆ ನೀರು ಏರುತ್ತಲ್ಲ, ಅದಕ್ಕೆ. ಎವೋದಿಯೋ ಒಳ್ಳೇ ಹುಡುಗ, ಲಾರಿ ಬರ್ಲಿ ಬಿಡ್ಲಿ ಅಲ್ಲಿ ಒಂದು ಗಳಿಗೆ ನಿಲ್ಲಿಸ್ತಾನೆ ನನಗೋಸ್ಕರ. ಮೊದ್ಲು ಆಗಲ್ಲ ಅಂತಿದ್ದ. ನಿಲ್ಲಿಸದೆ ಹೋದ ದಿನ ಅವರೇ ಹಿಂದೆ ಓಡಿ ಬಂದು ಸುರಂಗ ಮುಗಿಯೋ ತನಕ ತಗಡು ತಟ್ತಾ ಇದ್ರು. ಆಮೇಲೆ ಒಪ್ಕೊಂಡ."

"ಅತ್ತೆಗೆ ಈಗ ಎಷ್ಟು ವಯಸ್ಸು ಅಜ್ಜಿ?" ಎಂದು ಅಂಗಡಿಯವನು ಕೇಳಿದ. ಲೆಕ್ಕ ಹಾಕಿ ನೋಡಿದ್ದನೋ ಏನೋ.

"ಅತ್ತೆನಾ? ಅಯ್ಯೋ, ಅವರು ಹೋಗಿ ಎಷ್ಟೋ ವರ್ಷ ಆಯ್ತಲ್ಲ. ಅವರನ್ನ ಕರೆಯೋ ಕಷ್ಟ ಇರ್ಲಿಲ್ಲ, ಮನೇಲೇ ಸತ್ರು, ಮನೇಲೇ ಉಳ್ಕೊಂಡ್ರು. ಒಲೆ ಮುಂದೆ ಕೂತಿರ್ತಾರೆ. ನಾನು ಬಾಗ್ಲು ದಾಟೋದ್ರೊಳಗೆ 'ಇವನಲ್ಲ' ಅಂತಾರೆ. ಈಗೀಗ ಮೂಸೋದೂ ಇಲ್ಲ."

ಹಳ್ಳದ ಕಡೆಯಿಂದ ಎವೋದಿಯೋ ನೆನೆದು ತೊಪ್ಪೆಯಾಗಿ ಬಂದ. ನೀರು ಇಳಿದಿದೆ, ಹೊರಡಬಹುದು ಎಂದ. ಯಾರ ಮುಖವನ್ನೂ ನೋಡದೆ ಹೋಗಿ ಬಸ್ಸಿನ ಬಾಗಿಲು ತೆಗೆದ. ಅವನು ಜನರನ್ನು ಕೂಗಿ ಕರೆಯಲಿಲ್ಲ. ಇಷ್ಟು ವರ್ಷ ಅವನ ಬಸ್ಸಿನಲ್ಲಿ ಓಡಾಡಿದ್ದರೂ ಅವನು ಕೂಗಿ ಕರೆದದ್ದನ್ನು ನಾನು ಕೇಳಿಯೇ ಇಲ್ಲವೆಂಬುದು ಆಗ ನೆನಪಾಯಿತು. ಲುದಿವಿನಾ ಕೋಳಿಯ ಬುಟ್ಟಿಯನ್ನು ಎದೆಗೊತ್ತಿಕೊಂಡು, ತಾನು ನಾಳೆ ಹೋಗುವುದಾಗಿ ಹೇಳಿ ಅಂಗಡಿಯೊಳಗೆ ನುಗ್ಗಿದಳು. ನನಗೂ ಹಾಗೇ ಮಾಡುವ ಆಸೆಯಾಯಿತು. ಆದರೆ ನಾನಿರುವ ಬಾಡಿಗೆ ಕೋಣೆ ಇರುವುದೇ ಪೆನ್ಯಾ ಪ್ರಿಯೆತಾದಲ್ಲಿ. ಬೇರೆ ಬಸ್ಸಿಲ್ಲ, ಬೇರೆ ದಾರಿಯಿಲ್ಲ.

ಅಜ್ಜಿ ಅಂಗಿಯನ್ನು ಎದೆಗೆ ಹಿಡಿದು ನಿಧಾನವಾಗಿ ಮೆಟ್ಟಿಲು ಹತ್ತಿದಳು. ಕಿಟಕಿಯ ಪಕ್ಕ ಕುಳಿತು, ಅಂಗಿಯನ್ನು ಬಲಗಡೆ ಹಾಸಿ, ಕೈಯಿಂದ ನೀವಿ ಸುಕ್ಕು ಬಿಡಿಸಿದಳು. ನಾನು ಸಾಧ್ಯವಾದಷ್ಟು ದೂರ, ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತೆ. ಬಸ್ಸಿನಲ್ಲಿ ನಾವು ಮೂವರೇ. ಹಳ್ಳದ ಕೆಂಪು ನೀರು ಚಕ್ರಗಳಿಗೆ ಬಡಿದು ಹಿಂದಾಯಿತು. ಎದುರಿಗೆ ಬೆಟ್ಟದಲ್ಲಿ ಸುರಂಗದ ಬಾಯಿ ಕಾಣಿಸಿತು.

"ಹೆದರ್ಬೇಡ ಮಗಾ," ಎಂದಳು ಅಜ್ಜಿ ಹಿಂದಿನಿಂದ. "ಅವರು ಯಾರಿಗೂ ಏನೂ ಮಾಡಲ್ಲ. ಮನೆ ಬೇಕು ಅಷ್ಟೇ ಅವರಿಗೆ. ನನ್ನ ಮನೇಲಿ ಇನ್ನು ಕಾಲಿಡೋಕೆ ಜಾಗ ಇಲ್ಲ. ಮಣೆ ಮೇಲೆ, ಹಾಸಿಗೆ ಮೇಲೆ, ಅಟ್ಟದ ಮೇಲೆ, ಎಲ್ಲಾ ಕಡೆ ಕೂತಿದ್ದಾರೆ. ನನ್ನ ಗಾಬಿನೋ ಬಂದ್ರೆ ಅವನನ್ನ ಎಲ್ಲಿ ಕೂರಿಸ್ಲಿ, ನೀನೇ ಹೇಳು? ಅದಕ್ಕೇ ಹೋದ ವರ್ಷದಿಂದ, ಅಂಗಿ ತಣ್ಣಗಿದೆ, ಬಂದೋನು ನನ್ನ ಗಂಡ ಅಲ್ಲ ಅಂತ ಗೊತ್ತಾದ ತಕ್ಷಣ ಮನೆ ತನಕ ಕರ್ಕೊಂಡು ಹೋಗಲ್ಲ. ಯಾರು ಇಳೀತಾರೋ ಅವರ ಜೊತೆ ಇಳಿದು ಅವರ ಮನೆಗೆ ಹೋಗು ಅಂತೀನಿ. ಈಗ ಇಳೀತಾರೆ, ಪಾಪ, ಮಾತು ಕೇಳ್ತಾರೆ..."

ಬಸ್ಸು ಸುರಂಗದೊಳಗೆ ನುಗ್ಗಿತು. ಎವೋದಿಯೋ ಟೋಪಿಯ ಅಂಚನ್ನು ಹಲ್ಲಿನಿಂದ ಕಚ್ಚಿ ಹಿಡಿದ. ಹಿಂದಿನ ಕತ್ತಲೆಯಿಂದ ಅಜ್ಜಿಯ ದನಿ, ಮೊಮ್ಮಗನನ್ನು ಮಾತನಾಡಿಸುವಷ್ಟು ಅಕ್ಕರೆಯಿಂದ, ಮತ್ತೆ ಕೇಳಿಸಿತು.

"ನೀನೆಲ್ಲಿ ಇಳೀತೀಯಾ, ಮಗಾ? ಒಬ್ನೇ ಇರೋದಾ?"